ಅತ್ತೆ ಶಾಲೆಗೆ ಬಂದ ದಿನ

ನನ್ನ ಮೊದಲ ಕಾದಂಬರಿ ಅಚ್ಚಾದ ಮೇಲೆ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ನರಸಿಂಹರಾಜಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ನಾನು ಕೊಪ್ಪದಲ್ಲಿ ಸಹಕಾರಿ ಸಂಘವೊಂದರ ಕಚೇರಿಯಲ್ಲಿ ಗುಮಾಸ್ತೆ. ಮೊದಲೆಲ್ಲ ಭಾನುವಾರ ಫೋನ್ ಮಾಡಿ ನನ್ನೊಡನೆಯೇ ಅರ್ಧ ಗಂಟೆ ಹರಟುತ್ತಿದ್ದವರು, ಪುಸ್ತಕ ಬಂದ ಮೇಲೆ ನನ್ನ ದನಿ ಕೇಳಿದ ಕೂಡಲೇ "ಅಣ್ಣಂಗೆ ಕೊಡು" ಎನ್ನತೊಡಗಿದರು.

ಸಿಟ್ಟಿಗೆ ಕಾರಣವಿತ್ತು. ಕಾದಂಬರಿಯ ಕಥೆ ನಮ್ಮ ಮನೆಯದೇ. ಭದ್ರಾ ಅಣೆಕಟ್ಟಿಗೆ ನೀರು ನಿಲ್ಲಿಸಿದ ಹೊಸತರಲ್ಲಿ ನಮ್ಮ ಹಿರಿಯರ ಊರು ಮುಳುಗಿತು. ಉಳಿದವರೆಲ್ಲ ಗಂಟುಮೂಟೆ ಕಟ್ಟಿ ಹೊರಟಾಗ ಅಜ್ಜಿ ತುಂಬು ಗರ್ಭಿಣಿ. ಹೊಸ ಜಾಗದಲ್ಲಿ ಒಂದು ಗುಡಿಸಲಾದರೂ ಎದ್ದುಬಿಡಲಿ, ಆಮೇಲೆ ಬಂದು ಕರೆದೊಯ್ಯುತ್ತೇನೆ ಎಂದು ಅಜ್ಜ ಮುಂದೆ ಹೋಗಿದ್ದ. ನೀರು ಅವನಿಗಿಂತ ಬೇಗ ಬಂತು. ಅಜ್ಜಿ, ಅವಳ ಅತ್ತೆಯಾದ ನನ್ನ ಮುತ್ತಜ್ಜಿ, ಆಗಿನ್ನೂ ಹುಡುಗನಾಗಿದ್ದ ಅಪ್ಪ, ಮೂವರೂ ಒಂದು ಆಡನ್ನು ಎಳೆದುಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿದರು. ಸುತ್ತಲೂ ನೀರು. ಆ ಗುಡ್ಡದ ಮೇಲೆಯೇ ಅತ್ತೆ ಹುಟ್ಟಿದ್ದು. ಬಿದಿರಿನ ಕಳಲೆ, ಸುಟ್ಟ ಹಲಸಿನ ಬೀಜ ತಿಂದುಕೊಂಡು ಅವರು ಬದುಕಿದರು. ಅಜ್ಜಿಗೆ ಜ್ವರ ಏರಿ ಎದೆಹಾಲು ಬತ್ತಿತು. ಮುತ್ತಜ್ಜಿ ಆಡಿನ ಹಾಲಿನಲ್ಲಿ ಬಟ್ಟೆಯ ಚೂರು ಅದ್ದಿ ಕೂಸಿನ ಬಾಯಿಗಿಟ್ಟಳು. ಕೊನೆಗೆ ಅಜ್ಜ ಬಿದಿರಿನ ತೆಪ್ಪ ಕಟ್ಟಿಕೊಂಡು ಬಂದು ಎಲ್ಲರನ್ನೂ ದಾಟಿಸಿದ.

ಅಪ್ಪ ಹೇಳಿದ್ದನ್ನೆಲ್ಲ ಹಾಗೆಯೇ ಬರೆದೆ, ಒಂದನ್ನು ಬಿಟ್ಟು. ಕಾದಂಬರಿಯಲ್ಲಿ ತೆಪ್ಪ ಬರುವ ಮುನ್ನ ಕೂಸು ಸಾಯುತ್ತದೆ. ಅಂಥಾ ಚಳಿಯಲ್ಲಿ, ಅಂಥಾ ಹಸಿವಿನಲ್ಲಿ ಹಸುಗೂಸು ಬದುಕಿತೆಂದು ಬರೆದರೆ ಓದುವವರು ನಂಬಲಾರರು ಅನ್ನಿಸಿತ್ತು. ಇದನ್ನು ಅತ್ತೆಗೆ ನಾನೇ ಮೊದಲು ಹೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಹರಿಹರಪುರದ ಒಂದು ಮದುವೆಯಲ್ಲಿ ಯಾರೋ ಊಟದ ಪಂಕ್ತಿಯಲ್ಲಿ ಕೂತು, "ಎಂಥದೇ, ನಿನ್ನ ಅಣ್ಣನ ಮಗಳು ನಿನ್ನ ಹುಟ್ಟಿದಲ್ಲೇ ಸಾಯಿಸಿದಾಳಂತಲ್ಲ" ಎಂದು ಕೇಳಿ ನಕ್ಕರಂತೆ. ಅತ್ತೆ ಊಟ ಅರ್ಧಕ್ಕೇ ಬಿಟ್ಟು ಎದ್ದರಂತೆ.

ಅದಾಗಿ ವರ್ಷ ಕಳೆಯುವಷ್ಟರಲ್ಲಿ ನರಸಿಂಹರಾಜಪುರದ ಹೈಸ್ಕೂಲೊಂದರಿಂದ ಕರೆ ಬಂತು. ಅಲ್ಲಿಯ ಕನ್ನಡ ಮೇಷ್ಟರು ಒಂಬತ್ತನೇ ತರಗತಿಯವರಿಗೆ ನನ್ನ ಕಾದಂಬರಿಯನ್ನು ದಿನಕ್ಕಿಷ್ಟರಂತೆ ಓದಿ ಹೇಳಿದ್ದರು. ಮಕ್ಕಳಿಗೆ ನನ್ನನ್ನು ಏನೇನೋ ಕೇಳುವುದಿದೆಯಂತೆ. ಹೂಂ ಎಂದೆನೇ ಹೊರತು ನನಗೆ ನಾಲ್ಕು ಜನರೆದುರು ಮಾತಾಡಿ ಗೊತ್ತಿರಲಿಲ್ಲ. ಜೊತೆಗೆ ಅತ್ತೆಯ ಊರು. ಅಪ್ಪ ಮಾತ್ರ, "ಹೋಗಿ ಬಾ. ಅವಳೇನು ನಿನ್ನ ಹೊಡೀತಾಳ" ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದ.

ಬೆಳಗಿನ ಬಸ್ಸಿಗೆ ಹೋದೆ. ಶಾಲೆಯ ಉದ್ದನೆಯ ಕೋಣೆಯಲ್ಲಿ ಮಕ್ಕಳು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದರು. ಮೇಷ್ಟರು ಪರಿಚಯ ಮಾಡಿಕೊಡುತ್ತಿದ್ದಾಗ ಬಾಗಿಲಲ್ಲಿ ನೀಲಿ ಸೀರೆಯೊಂದು ಕಂಡಿತು. ಅತ್ತೆ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು ಅವರೇ ಆದ್ದರಿಂದ ಯಾರೂ ತಡೆಯಲಿಲ್ಲ. ನೇರ ಹೋಗಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಮೊದಲ ಪ್ರಶ್ನೆಗಳು ಸಲೀಸಾಗಿದ್ದವು. ತೆಪ್ಪಕ್ಕೆ ಯಾವ ಬಿದಿರು, ಆಡನ್ನು ಹೇಗೆ ದಾಟಿಸಿದರು, ಗುಡ್ಡಕ್ಕೆ ಹಾವು ಬರಲಿಲ್ಲವೇ. ಹಿನ್ನೀರು ನೋಡಿಯೇ ಬೆಳೆದ ಮಕ್ಕಳು. ನೀರು ಏರುವುದೆಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುತ್ತಿನಕೊಪ್ಪದ ಕಡೆಯ ಒಬ್ಬಳಂತೂ ಅಜ್ಜ ತಡ ಮಾಡಿದ್ದೇ ತಪ್ಪು ಎಂದು ನನ್ನೊಡನೆ ಜಗಳಕ್ಕೇ ನಿಂತಳು. ನಾನು ಸ್ವಲ್ಪ ಸುಧಾರಿಸಿಕೊಂಡೆ.

ಆಗ ಕಿಟಕಿಯ ಪಕ್ಕದಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಆ ಪಾಪು ಯಾಕೆ ಸಾಯ್ಬೇಕಿತ್ತು ಮೇಡಂ?"

ನಾನು ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಹೋಗಿದ್ದೆ. ಬದುಕಿನಲ್ಲಿ ಎಲ್ಲವೂ ನಾವಂದುಕೊಂಡಂತೆ ಆಗುವುದಿಲ್ಲ, ಕಳೆದುಕೊಂಡವರೂ ಮುಂದೆ ನಡೆಯಬೇಕಾಗುತ್ತದೆ, ಹೀಗೆ ಏನೋ ಹೇಳತೊಡಗಿದೆ. ಹುಡುಗಿ ಕೂರಲಿಲ್ಲ. ಅವಳ ಗಲ್ಲ ನಡುಗಿತು, ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಕ್ಕದವಳು ಅವಳ ಕೈ ಹಿಡಿದುಕೊಂಡಳು. ಮೇಷ್ಟರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅವಳ ತಮ್ಮ ದಿನ ತುಂಬೋ ಮೊದ್ಲೇ ಹುಟ್ಟಿದಾನೆ. ಶಿವಮೊಗ್ಗದ ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ. ನನಗೆ ಇದು ಹೊಳೀಲೇ ಇಲ್ಲ" ಎಂದರು.

ನಾನು ಬರೆದ ಮಾತಿಗೆ ಒಂದು ಮಗು ಹೀಗೆ ಅಳುವುದನ್ನು ನೋಡುತ್ತ, ಏನು ಮಾಡಬೇಕೆಂದು ತೋಚದೆ ಮೇಜು ಹಿಡಿದುಕೊಂಡು ನಿಂತಿದ್ದೆ.

ಹಿಂದಿನ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು, ಮಕ್ಕಳ ಕಾಲುಗಳನ್ನು ದಾಟಿಕೊಂಡು ಬಂದು ಹುಡುಗಿಯ ಮುಂದೆ ನಿಂತರು.

"ಕೂಸೇ, ಇಲ್ಲಿ ನೋಡು. ಆ ಪಾಪು ಸತ್ತಿಲ್ಲ."

ಹುಡುಗಿ ಮುಖ ಎತ್ತಿದಳು.

"ಆ ಪಾಪು ನಾನೇ. ಆಡಿನ ಹಾಲು ಕುಡ್ದು ಬದುಕಿದ್ದು ನಾನೇ. ನಿಂಗೆ ಸ್ಕರ್ಟು ಹೊಲ್ದು ಕೊಟ್ಟೆನಲ್ಲ, ಸೊಂಟ ಬಿಗಿ ಅಂತ ವಾಪಸ್ ತಂದೆಯಲ್ಲ ನೀನು? ಸತ್ತೋರು ಸ್ಕರ್ಟ್ ಹೊಲಿತಾರಾ?"

ಯಾರೋ ಪಕ್ಕನೆ ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಅತ್ತೆಯ ತೋಳನ್ನು ನಿಜವೋ ಎಂಬಂತೆ ಮುಟ್ಟಿ ನೋಡಿದಳು.

"ನೀವು ಎಷ್ಟು ಸಣ್ಣ ಇದ್ರಿ? ನನ್ನ ತಮ್ಮನ್ನ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ."

"ನನ್ನ ಅಜ್ಜಿ ಅಂಗೈಯಲ್ಲಿ ಹಿಡಿಸ್ತಿದ್ನಂತೆ. ಅಳೋಕೂ ಶಕ್ತಿ ಇರ್ಲಿಲ್ವಂತೆ. ಬೂದಿ ಬೆಚ್ಚಗೆ ಮಾಡಿ, ಬಟ್ಟೇಲಿ ಕಟ್ಟಿ, ನನ್ನ ಸುತ್ತ ಇಡ್ತಿದ್ರಂತೆ. ನಿನ್ನ ತಮ್ಮಂಗೆ ಅದೆಲ್ಲ ಮಾಡೋಕೆ ಮಿಷನ್ನೇ ಇದೆ. ಡಾಕ್ಟರಿದಾರೆ, ನರ್ಸ್ ಇದಾರೆ. ನಂಗೆ ಇದ್ದಿದ್ದು ಒಂದು ಮುದುಕಿ, ಒಂದು ಆಡು."

ಹುಡುಗಿ ಕಣ್ಣೊರೆಸಿಕೊಂಡು ಕೂತಳು. ಅತ್ತೆ ಅವಳ ಪಕ್ಕದಲ್ಲೇ ಜಾಗ ಮಾಡಿಸಿಕೊಂಡರು. ಅಲ್ಲಿಂದ ಮುಂದೆ ಮಕ್ಕಳು ಕೇಳಿದ್ದೆಲ್ಲ ಅತ್ತೆಯನ್ನೇ. ನಾನು ಕುರ್ಚಿ ಎಳೆದುಕೊಂಡು ಕೂತೆ.

ಹೊರಗೆ ಬಂದಾಗ ಅತ್ತೆ ನನ್ನ ಮುಂದೆ ಮುಂದೆ ನಡೆಯುತ್ತಿದ್ದರು. ಗೇಟಿನ ಹತ್ತಿರ ನಿಂತು, ತಿರುಗದೆಯೇ, "ಊಟಕ್ಕೆ ಬರ್ತೀಯೋ, ಹಂಗೇ ಬಸ್ ಹತ್ತುತೀಯೋ?" ಎಂದರು. ಅವರು ನನಗೆಂದು ಆಡಿದ ಮಾತು ಕೇಳಿ ಕಣ್ಣು ತುಂಬಿತು. ಬರ್ತೀನಿ ಎಂದೆ.

ಮನೆಯಲ್ಲಿ ಅನ್ನ, ಕಟ್ಟಿನ ಸಾರು, ಹಪ್ಪಳ ಬಡಿಸಿದರು. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತ, ಮತ್ತೆ ಅಚ್ಚಾಗುವುದಾದರೆ ಕೊನೆಯನ್ನು ಬದಲಿಸಿಬಿಡುತ್ತೇನೆ ಎಂದೆ.

"ಬೇಡ" ಎಂದರು ಅತ್ತೆ. "ಓದಿದೀನಿ ನಾನು. ಆ ಮದ್ವೆ ಆದ ವಾರದಲ್ಲೇ ತರ್ಸಿ ಓದ್ದೆ. ಕೂಸು ಹೋದಾಗ ಆ ತಾಯಿ ಕೂತಿರ್ತಾಳಲ್ಲ, ನೀರು ನೋಡ್ಕೊಂಡು? ಅಲ್ಲಿ ನನ್ನ ಅಮ್ಮನೇ ಕಂಡ್ಲು. ನಾನು ಬದುಕಿದ್ರೂ ಅವ್ಳಿಗೆ ಆ ಹೆದ್ರಿಕೆ ಸಾಯೋ ತನಕ ಹೋಗ್ಲಿಲ್ಲ. ಪುಸ್ತಕದಲ್ಲಿ ಹಂಗೇ ಇರ್ಲಿ. ಕೇಳಿದೋರಿಗೆ ನಾನು ಹೇಳ್ತೀನಿ."

"ಮತ್ತೆ ಇಷ್ಟು ದಿನ ಯಾಕೆ ಮಾತಾಡ್ಲಿಲ್ಲ?"

"ಸಾಯಿಸೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು ಮಾರಾಯ್ತಿ."

ನನಗೆ ನಗು ಬಂತು. ಅವರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಹುಡುಗಿಯ ತಮ್ಮ ಕೆಲವು ವಾರಗಳ ಮೇಲೆ ಮನೆಗೆ ಬಂದ. ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದು ಅತ್ತೆಯೇ; ಅಪ್ಪನನ್ನು ಕೇಳದೆ ನನಗೇ ಹೇಳಿದರು. ಮಗುವಿಗೆ ಮೆತ್ತನೆಯ ಬಟ್ಟೆಯಲ್ಲಿ ಅಂಗಿ ಹೊಲಿದು ಕೊಟ್ಟು ಬಂದಿದ್ದರಂತೆ. ಅಳತೆ ತಪ್ಪಿ ದೊಡ್ಡದಾಯಿತಂತೆ. "ಬೆಳೀಲಿ ಬಿಡು" ಎಂದರು.

ಮುಂದಿನ ವರ್ಷ ಶೃಂಗೇರಿಯ ಶಾಲೆಯೊಂದರಿಂದ ಕರೆ ಬಂದಾಗ ಅತ್ತೆ ಅಂಗಡಿಗೆ ಬೀಗ ಹಾಕಿ ಹಿಂದಿನ ದಿನವೇ ಕೊಪ್ಪಕ್ಕೆ ಬಂದರು. ಅಲ್ಲಿ ನಾನು ಪುಸ್ತಕದ ಎರಡು ಪುಟ ಓದಿದೆ, ಅಷ್ಟೆ. ಮಕ್ಕಳು ಅವರನ್ನು ಮುತ್ತಿಕೊಂಡರು. ಶಾಲೆಯವರು ಕೊಟ್ಟ ಚಹಾ ಹಿಡಿದು ನಾನು ವರಾಂಡಕ್ಕೆ ಬಂದು, ಬಿಸಿಲಿಗೆ ಬೆನ್ನು ಕೊಟ್ಟು, ಒಳಗಿನ ಗದ್ದಲ ಕೇಳುತ್ತ ನಿಧಾನವಾಗಿ ಕುಡಿದೆ.