ಒಂದು ಹರ್ನಿಯಾದ ಫಲಶ್ರುತಿ

ಸೂಜಿಯನ್ನು ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ಬಟ್ಟೆ ಹೊಲಿಯುವ ಸೂಜಿಯಲ್ಲ, ಅದರ ಜೊತೆ ನನ್ನ ಸಂಬಂಧ ಚೆನ್ನಾಗಿಯೇ ಇದೆ. ಮದುವೆಯಾಗದವನು ಗುಂಡಿ ಹೊಲಿಯುವುದನ್ನು ಬೇಗ ಕಲಿಯುತ್ತಾನೆ. ನಾನು ಹೇಳುತ್ತಿರುವುದು ಆಸ್ಪತ್ರೆಯ ಸೂಜಿ. ರಕ್ತಪರೀಕ್ಷೆಗೆ ಬಂದವರು ತೋಳಿಗೆ ರಬ್ಬರು ಪಟ್ಟಿ ಬಿಗಿಯುತ್ತಿದ್ದಂತೆಯೇ ನಾನು ಗೋಡೆಯ ಕಡೆ ತಿರುಗಿ, ಕುಲದೇವರಿಂದ ಹಿಡಿದು ಚೆಂಬೂರಿನ ಎಲ್ಲ ಬೀದಿ ಗಣಪತಿಗಳವರೆಗೆ ನೆನೆಯಲು ಶುರುಮಾಡುತ್ತೇನೆ. ಇಂಥವನನ್ನು ನಮ್ಮ ಮನೆಯವರು ನರ್ಸಿಂಗ್ ವಿಚಾರದಲ್ಲಿ ಒಬ್ಬ ಹುಡುಗಿಗೆ ದಾರಿ ತೋರಿಸಲು ನೇಮಿಸಿದರು ಎಂದರೆ ಮನೆಯವರ ಬುದ್ಧಿಯ ಬಗ್ಗೆಯೇ ನಿಮಗೆ ಅನುಮಾನ ಬರಬಹುದು. ಅವರದೇನೂ ತಪ್ಪಿಲ್ಲ. ತಪ್ಪೆಲ್ಲ ನನ್ನ ಹರ್ನಿಯಾದ್ದು.

ಚೆಂಬೂರಿನ ನಮ್ಮ ಫ್ಲಾಟಿನಲ್ಲಿ ಇರುವವರು ಐದು ಜನ. ಅಮ್ಮ, ರಿಫೈನರಿಯಲ್ಲಿ ಎಂಜಿನಿಯರ್ ಆಗಿರುವ ನನ್ನ ತಮ್ಮ ಶ್ರೀಧರ, ಅವನ ಹೆಂಡತಿ ವೀಣಾ, ಅವರ ಒಬ್ಬಳೇ ಮಗಳು ಮೇಧಾ, ಮತ್ತು ವಿಮೆ ಆಫೀಸಿನಿಂದ ನಿವೃತ್ತನಾಗಿ ಎಲ್ಲರ ಕೆಲಸಕ್ಕೂ ಒದಗುವ ನಾನು. ಹೋದ ವರ್ಷ ದೀಪಾವಳಿಗೆ ಮುಂಚೆ, ಮೈಸೂರಿನಿಂದ ಬಂದು ಅಟ್ಟ ಸೇರಿದ್ದ ಹಿತ್ತಾಳೆ ಹಂಡೆಯನ್ನು ಇಳಿಸು ಎಂದು ಅಮ್ಮ ಹೇಳಿದರು. ಸ್ಟೂಲು ಹತ್ತಿದೆ. ಹಂಡೆ ಇಳಿಯಿತು, ಅದರ ಜೊತೆಗೆ ನನ್ನೊಳಗಿನದೂ ಏನೋ ಇಳಿಯಿತು. ಡಾಕ್ಟರು ನೋಡಿ, ಕೊಯ್ಯಲೇಬೇಕು ಎಂದರು.

ಆಗ ಮೇಧಾ ಹತ್ತನೆಯ ತರಗತಿಯಲ್ಲಿದ್ದಳು. ದೊಡ್ಡಪ್ಪನನ್ನು ನೋಡಲು ಟ್ಯೂಷನ್ ಮುಗಿಸಿ ಸಂಜೆ ಸಂಜೆ ಆಸ್ಪತ್ರೆಗೆ ಬರುತ್ತಿದ್ದಳು ಎಂದು ನಾನು ಮೊದಮೊದಲು ಬೀಗಿದೆ. ಆದರೆ ಅವಳ ಕಣ್ಣು ನನ್ನ ಮೇಲೆ ಇರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಸೊಂಟ ಮುರಿದ ಒಬ್ಬ ಅಜ್ಜ ಇದ್ದರು. ಅವರು ಮಲಗಿದ್ದ ಹಾಗೆಯೇ, ಅವರನ್ನು ಎಬ್ಬಿಸದೆ, ನೋಯಿಸದೆ, ಕೆಳಗಿನ ಚಾದರವನ್ನು ಒಬ್ಬ ಸಿಸ್ಟರ್ ಬದಲಾಯಿಸುತ್ತಿದ್ದರು. ಈ ವಿದ್ಯೆಯನ್ನು ಮೇಧಾ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನಾನು ನರಳಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅದೇ ಪ್ರಯೋಗವನ್ನು ನನ್ನ ಮೇಲೆ ಮಾಡಿದಳು. ಮೊದಲ ಸಲ ಚಾದರ ಬಂತು, ಚಾದರದ ಜೊತೆ ನಾನೂ ಮಂಚದ ಅಂಚಿಗೆ ಬಂದೆ. ಹೊಲಿಗೆ ಬಿಚ್ಚುವ ಹೊತ್ತಿಗೆ ಅವಳ ಕೈ ಪಳಗಿತ್ತು.

ಒಂದು ದಿನ ಊಟಕ್ಕೆ ಕೂತಾಗ, "ಪಪ್ಪಾ, ಮೈ ನರ್ಸ್ ಬನೂಂಗಿ," ಎಂದಳು. ನರ್ಸ್ ಆಗುತ್ತೇನೆ ಎಂದು, ತನ್ನ ಹಿಂದಿ ಬೆರೆತ ಮನೆಮಾತಿನಲ್ಲಿ.

ಶ್ರೀಧರ ಸಾರು ಕಲಸುತ್ತಿದ್ದವನು ತಲೆ ಎತ್ತಲಿಲ್ಲ. "ಡಾಕ್ಟರ್ ಅನ್ನು ಪುಟ್ಟಿ. ಬಾಯಿ ತಪ್ಪಿತು ನಿಂಗೆ."

"ತಪ್ಪಿಲ್ಲ. ಡಾಕ್ಟರ್ ಬಂದ್ರು, ಹೋದ್ರು. ಸಿಸ್ಟರ್ ಹೀ ತೋ ಇದ್ರು ನಾ ಪೂರಾ ದಿನ, ದೊಡ್ಡಪ್ಪನ ಹತ್ರ."

ಎಲ್ಲರೂ ನನ್ನನ್ನು ನೋಡಿದರು. ನಾನು ಉಪ್ಪಿನಕಾಯಿ ನೋಡಿದೆ.

ಶ್ರೀಧರನ ಲೆಕ್ಕಾಚಾರವೇ ಬೇರೆ ಇತ್ತು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಒಂದು ಕೋಚಿಂಗ್ ಕ್ಲಾಸನ್ನು ಅವನು ಪವಾಯಿಯಲ್ಲಿ ನೋಡಿಟ್ಟಿದ್ದ. ಅಂಥ ಕ್ಲಾಸು ಚೆಂಬೂರಿನಲ್ಲೂ ಬೇಕಾದಷ್ಟಿವೆ. ಆದರೆ ದೇಶಕ್ಕೇ ಹೆಸರಾದ ಎಂಜಿನಿಯರಿಂಗ್ ಕಾಲೇಜಿರುವ ಆ ಪವಾಯಿ ಕೆರೆಯ ಗಾಳಿ ಕುಡಿದರೆ ಗಣಿತ ತಾನಾಗಿ ಬರುತ್ತದೆ ಎಂಬ ನಂಬಿಕೆ ಅವನಂಥ ಅನೇಕ ತಂದೆಯರಿಗಿದೆ. ಅಮ್ಮನ ಆಕ್ಷೇಪಣೆ ಇನ್ನೂ ಹಳೆಯದು. "ಕಂಡೋರ ಮೈ ಮುಟ್ಟೋದು, ಕಂಡೋರ ಹೊಲಸು ಎತ್ತೋದು. ನಮ್ಮನೆ ಮಗುಗೆ ಯಾಕಪ್ಪ ಅದು?" ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಪರೀಕ್ಷೆ ಮುಗಿದ ಮೇಲೆ, ಹನ್ನೊಂದನೆಯ ತರಗತಿಗೆ ಸೇರುವವರೆಗೆ ಮೇಧಾ ನರ್ಸಿಂಗ್ ಎಂದರೇನೆಂದು ನೋಡಬಹುದು. ಜೊತೆಗೆ ನಾನು ಹೋಗಬೇಕು. ಆಮೇಲೆ ಅಮ್ಮ ಹೂಂ ಎಂದರೆ ಬಯಾಲಜಿ, ಇಲ್ಲದಿದ್ದರೆ ಪವಾಯಿ. ಅಮ್ಮ ಹೂಂ ಎನ್ನುವುದಿಲ್ಲ ಎಂಬ ಧೈರ್ಯದಿಂದಲೇ ಶ್ರೀಧರ ಈ ಔದಾರ್ಯ ತೋರಿಸಿದ್ದು. ನನ್ನನ್ನು ಬದಿಗೆ ಕರೆದು, "ಅಣ್ಣ, ಒಂದ್ಸಲ ವಾರ್ಡಿನ ವಾಸನೆ ತೋರಿಸ್ಕೊಂಡು ಬಾ. ಎಲ್ಲ ಇಳಿದುಹೋಗತ್ತೆ," ಎಂದ.

ಹೀಗೆ ನಾನು ಮಾರ್ಗದರ್ಶಕನಾದೆ. ನಮ್ಮ ಸೊಸೈಟಿಯ, ಅಂದರೆ ವಸತಿ ಸಂಕೀರ್ಣದ, ಬಿ ವಿಂಗಿನಲ್ಲಿ ಶಿಂದೆ ಸಿಸ್ಟರ್ ಇದ್ದಾರೆ. ಬಹಳ ವರ್ಷ ವಾರ್ಡಿನಲ್ಲಿ ದುಡಿದು ಈಗ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಅವರ ಬಳಿ ಮೇಧಾಳನ್ನು ಕರೆದುಕೊಂಡು ಹೋದೆ. ಬಯಾಲಜಿ ಬೇಕು, ಇಂಗ್ಲಿಷ್ ಬೇಕು, ಹನ್ನೆರಡರ ನಂತರ ಪ್ರವೇಶ ಪರೀಕ್ಷೆ ಇದೆ ಎಂದು ಅವರು ಹೇಳಿದ್ದನ್ನು ನಾನೂ ಬಲ್ಲವನಂತೆ ತಲೆಯಾಡಿಸಿ ಕೇಳಿದೆ. ಆಮೇಲೆ ಅವರು ಹಿಂದಿಯಲ್ಲಿ ಮೇಧಾಳಿಗೆ, "ಮೊಬೈಲ್ ನೋಡದೆ ಒಬ್ಬ ಮುದುಕಿಯ ಪಕ್ಕ ಒಂದು ಗಂಟೆ ಕೂತಿರುತ್ತೀಯಾ? ಅದನ್ನು ಮಾಡಿ ನೋಡು, ಮಿಕ್ಕಿದ್ದು ಆಮೇಲೆ," ಎಂದರು. ಶುಶ್ರೂಷೆ ಎಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಕೇಳುವ ಇಚ್ಛೆ ಎಂದು ಅರ್ಥ. ಮದ್ದು, ಪಟ್ಟಿ, ಆರೈಕೆ ಎಲ್ಲ ಆ ಶಬ್ದಕ್ಕೆ ಆಮೇಲೆ ಅಂಟಿಕೊಂಡವು. ಇದನ್ನು ಶಿಂದೆ ಸಿಸ್ಟರಿಗೆ ಹೇಳಿ ನನ್ನ ಪಾಂಡಿತ್ಯ ಮೆರೆದೆ. ಅವರು ಚಹಾ ತರಲು ಎದ್ದರು.

ಬೇಸಗೆ ರಜೆಯಲ್ಲಿ ಮೇಧಾ ಪ್ರಥಮ ಚಿಕಿತ್ಸೆಯ ತರಗತಿಗೆ ಹೋದಳು. ಭಾನುವಾರ ಸೊಸೈಟಿ ಆಫೀಸಿನಲ್ಲಿ ಶಿಂದೆ ಸಿಸ್ಟರ್ ಹಿರಿಯರ ಬಿ.ಪಿ. ನೋಡುವಾಗ ಪಕ್ಕದಲ್ಲಿ ಕೂತಳು. ಬಿ.ಪಿ. ನೋಡಲು ಎರಡು ನಿಮಿಷ, ಸೊಸೆಯ ಬಗ್ಗೆ ಕೇಳಲು ಇಪ್ಪತ್ತು ನಿಮಿಷ. ಮನೆಯಲ್ಲಿ ಮೂರು ಮಾತು ಕನ್ನಡ ಆಡಲು ತಡವರಿಸುವ ಹುಡುಗಿ ಅಲ್ಲಿ ಮರಾಠಿ, ತಮಿಳು, ಸಿಂಧಿ ಅಜ್ಜಿಯರ ಕಷ್ಟವನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದಳು. ಚೀಲ ಹಿಡಿದು ಹಿಂದೆ ನಿಲ್ಲುವ ಕೆಲಸ ನನ್ನದು.

ಇಲ್ಲಿ ಅಮ್ಮನ ಮಡಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಚಾವಣಿಗೆ ತೂಗುಹಾಕಿದ ಗಳುವಿನಿಂದ ಒಣಗಿದ ಸೀರೆಯನ್ನು ಕೋಲಿನಲ್ಲಿ ಇಳಿಸಿ ಉಟ್ಟರೆಂದರೆ, ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟಬಾರದು. ಮಗ್ಗುಲು ತಿರುಗಿದರೆ ಮೂವರಿಗೆ ತಗಲುವ ಮುಂಬೈ ಫ್ಲಾಟಿನಲ್ಲಿ ಈ ವ್ರತ ನಡೆಸುವುದು ಸರ್ಕಸ್ಸಿನವರಿಗೂ ಕಷ್ಟ. ಯಾರಾದರೂ ಮುಟ್ಟಿದರೋ, ಮತ್ತೆ ಸ್ನಾನ, ಮತ್ತೆ ಇನ್ನೊಂದು ಸೀರೆ. ಮಡಿಯ ಹೆಸರಿನಲ್ಲಿ ನಮ್ಮ ಹಿರಿಯರು ಎಷ್ಟು ಜನರನ್ನು ಹೊಸ್ತಿಲಾಚೆ ನಿಲ್ಲಿಸಿದರೆಂದು ನೆನೆದರೆ ಹೆಮ್ಮೆಪಡುವಂಥದ್ದು ಅದರಲ್ಲೇನೂ ಇಲ್ಲ. ಅಮ್ಮನ ಜೊತೆ ಈ ವಿಷಯಕ್ಕೆ ನಾನು ಜಗಳವಾಡಿ ಸೋತಿದ್ದೇನೆ. ಆದರೆ ಚಿಕ್ಕಂದಿನಿಂದ ಅಮ್ಮನಿಗೆ ಹೂವು, ನೀರು ಒದಗಿಸಿಕೊಡುತ್ತ ಮೇಧಾಳಿಗೆ ಏನನ್ನು ಮುಟ್ಟಬಾರದು, ಕೈಯನ್ನು ಎಲ್ಲಿಡಬೇಕು ಎಂಬುದು ಮೈಗೂಡಿಬಿಟ್ಟಿತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ನರ್ಸಿಂಗ್ ಶಾಲೆಯವರು ಮಕ್ಕಳನ್ನೂ ಪೋಷಕರನ್ನೂ ಕರೆದಿದ್ದ ದಿನ. ಶಿಂದೆ ಸಿಸ್ಟರ್ ಒಂದು ಟ್ರಾಲಿಯ ಮೇಲೆ ಹಸಿರು ಬಟ್ಟೆಯ ಗಂಟನ್ನು ಬಿಚ್ಚಿದರು. ಒಳಗೆ ಆವಿಯಲ್ಲಿ ಬೇಯಿಸಿ ಶುದ್ಧಮಾಡಿದ ಕತ್ತರಿ, ಚಿಮಟ, ಹತ್ತಿ. ಬಟ್ಟೆಯ ಒಂದು ಮೂಲೆ ಜೋತುಬಿದ್ದಿತ್ತು. ಪಾಪ, ಅವರು ನೋಡಿಲ್ಲ ಎಂದುಕೊಂಡು ನಾನು ಕೈ ಚಾಚಿ ಅದನ್ನು ನೀಟಾಗಿ ಒಳಗೆ ಮಡಚಿದೆ.

"ಕಾಕಾ, ಸಗಳಂ ಗೇಲಂ," ಎಂದರು ಸಿಸ್ಟರ್. ಎಲ್ಲ ಹೋಯಿತು ಎಂದು. ಗಂಟು ಪೂರ್ತಿಯಾಗಿ ವಾಪಸ್ಸು ಹೋಯಿತು, ಇನ್ನೊಂದು ಬಂತು. ನನ್ನ ಪಾಲಿಗೆ ಆ ಮುಖ, ಆ ದನಿ ಹೊಸದಲ್ಲ. ಎಂಟು ವರ್ಷದವನಾಗಿದ್ದಾಗ ಅಮ್ಮನ ಮಡಿಸೀರೆ ಹಿಡಿದು ಜೋತಾಡಿ ಅದನ್ನೇ ಕಂಡಿದ್ದೆ. ಮಡಿಯ ಮನೆಯಲ್ಲಿ ಬೆಳೆದು ಅರವತ್ತು ದಾಟಿದವನು ಮಾಡುವ ತಪ್ಪೇ ಇದು?

ಆಮೇಲೆ ಮಕ್ಕಳ ಸರದಿ. ಸಿಸ್ಟರ್ ತೋರಿಸಿದಂತೆ ಎಲ್ಲರೂ ಕೈ ತೊಳೆದರು. ತೊಳೆದ ಮರುಕ್ಷಣ ಒಬ್ಬ ಮೂಗು ತುರಿಸಿಕೊಂಡ, ಒಬ್ಬಳು ಕೂದಲು ಸರಿಮಾಡಿಕೊಂಡಳು, ಮಿಕ್ಕವರು ಪ್ಯಾಂಟಿಗೆ ಒರೆಸಿಕೊಂಡರು. ಮೇಧಾ ಒಬ್ಬಳು ಎರಡೂ ಕೈ ಎದೆಯ ಮುಂದೆ ಎತ್ತಿ ಹಿಡಿದು, ಬೆನ್ನಿನಿಂದ ಬಾಗಿಲು ತಳ್ಳಿಕೊಂಡು, ಯಾರಿಗೂ ತಗಲದೆ ಬಂದು ನಿಂತಳು. ಎಲ್ಲಿ ಕಲಿತೆ ಎಂದು ಸಿಸ್ಟರ್ ಕೇಳಿದರೆ, "ಘರ್ ಮೇ. ಅಜ್ಜಿ," ಎಂದಳು.

ಆದರೆ ಅದೇ ದಿನ ಮಧ್ಯಾಹ್ನ ಅವರನ್ನು ವಾರ್ಡಿನ ಬಾಗಿಲವರೆಗೆ ಕರೆದುಕೊಂಡು ಹೋದರು. ಸಕ್ಕರೆ ಕಾಯಿಲೆಯಿಂದ ಕೊಳೆತ ಒಂದು ಕಾಲಿನ ಪಟ್ಟಿ ಬಿಚ್ಚಿದ್ದರಂತೆ. ವಾಸನೆ ಹೊರಗಿನವರೆಗೆ ಬಂದಿತ್ತು. ರಿಕ್ಷಾದಲ್ಲಿ ಮೇಧಾ ಕರವಸ್ತ್ರವನ್ನು ಮೂಗಿನಿಂದ ತೆಗೆಯದೆ ಕೂತಳು. "ದೊಡ್ಡಪ್ಪ, ನಂಗೆ ಉಲ್ಟಿ ಬಂತು. ಮೈ ಕರ್ ಪಾವೂಂಗಿ ಕ್ಯಾ?" ಎಂದಳು. ವಾಂತಿ ಬರುವ ತನ್ನಂಥವಳ ಕೈಲಿ ಇದು ಆಗುತ್ತದೆಯೇ ಎಂದು. ಶ್ರೀಧರ ಬಯಸಿದ್ದು ಇದನ್ನೇ. ನಾನು ಖುಷಿಪಡಬೇಕಿತ್ತು, ನನಗೆ ಅಳು ಬರುವಷ್ಟು ಬೇಸರವಾಯಿತು. ಸಿಸ್ಟರನ್ನೇ ಕೇಳು ಎಂದು ಫೋನು ಕೊಟ್ಟೆ. ಅವರು ನಕ್ಕರಂತೆ. ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ, ಅದನ್ನು ಮುಖದ ಮೇಲೆ ಬರದ ಹಾಗೆ ನೋಡಿಕೊಳ್ಳುವುದನ್ನು ಮಾತ್ರ ಕಲಿತಿದ್ದೇನೆ ಎಂದರಂತೆ. ಫೋನು ವಾಪಸ್ಸು ಕೊಡುವಾಗ ಮೇಧಾಳ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು.

ಸಂಜೆ ಕಾಫಿ ಹೊತ್ತಿಗೆ, ಕೊಳೆತ ಕಾಲಿನ ಕಥೆಯನ್ನೂ ಕೇಳಿದ ಮೇಲೆ, ಅಮ್ಮ ವಿಚಾರಣೆಗೆ ಕೂತರು.

"ಕೈ ತೊಳೆದ ಮೇಲೆ ನಲ್ಲಿ ಯಾವುದ್ರಲ್ಲಿ ನಿಲ್ಲಿಸ್ತಾರೆ?"

"ಮೊಣಕೈಲಿ, ಅಜ್ಜಿ."

"ಬಟ್ಟೆ?"

"ಸ್ಟೀಮ್ ಮಾಡ್ತಾರೆ. ಯಾರೂ ಟಚ್ ಮಾಡಬಾರ್ದು."

"ಮುಟ್ಟಿದ್ರೆ?"

"ಫಿರ್ ಸೇ ಮೊದಲಿಂದ."

"ಇವತ್ತು ಯಾರಾದ್ರೂ ಮುಟ್ಟಿದ್ರಾ?"

ಮೇಧಾ ನನ್ನ ಕಡೆ ನೋಡಿದಳು. "ಇವನೇ ಇರ್ಬೇಕು. ಚಿಕ್ಕೋನಿಂದ ಹೀಗೇ," ಎಂದರು ಅಮ್ಮ. ಲೋಟ ಕೆಳಗಿಟ್ಟು, "ಇಷ್ಟೆಲ್ಲ ಮಡಿ ಮಾಡ್ಕೊಂಡು ಕೊನೆಗೆ ಹೋಗಿ ಮುಟ್ಟೋದು ಆ ಕೊಳೆತ ಕಾಲನ್ನಾ?" ಎಂದು ಕೇಳಿದರು.

"ಹಾಂ ಅಜ್ಜಿ. ಅದಕ್ಕೇ ತೊಳ್ಕೊಳ್ಳೋದು. ನಮ್ಮಿಂದ ಅವರಿಗೆ ಏನೂ ಆಗಬಾರ್ದು ನಾ."

ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಫಲಿತಾಂಶ ಬಂತು, ಒಳ್ಳೆಯ ಅಂಕಗಳೇ ಬಂದವು. ಶ್ರೀಧರ ಪವಾಯಿಗೆ ಹೋಗುವ ಬಸ್ಸಿನ ವೇಳೆ ವಿಚಾರಿಸತೊಡಗಿದ. ಮೇಧಾ ದಿನಾ ಅಜ್ಜಿಯ ಮುಖ ನೋಡುತ್ತಿದ್ದಳು.

ಆಷಾಢದ ಪ್ರಥಮ ಏಕಾದಶಿ ಬಂತು. ಅಮ್ಮನಿಗೆ ಅಂದು ನಿಟ್ಟುಪವಾಸ. ಅಡಿಗೆಮನೆಯ ಮೂಲೆಯಲ್ಲಿರುವ ದೇವರ ಮುಂದೆ ಕೂತವರು ಏಳಲು ಹೋಗಿ ಗೋಡೆಗೆ ಆತುಕೊಂಡು ಕುಸಿದರು. ಹಣೆಯ ತುಂಬ ಬೆವರು, ಕೈ ನಡುಗುತ್ತಿತ್ತು. ವೀಣಾ ಆಫೀಸಿಗೆ ಹೋಗಿದ್ದಳು. ನಾನೂ ಶ್ರೀಧರನೂ ಓಡಿಬಂದೆವು. ಓಡಿಬಂದು, ನಂಬುತ್ತೀರೋ ಇಲ್ಲವೋ, ಅಡಿಗೆಮನೆಯ ಹೊಸ್ತಿಲಲ್ಲಿ ಇಬ್ಬರೂ ಗಕ್ಕನೆ ನಿಂತುಬಿಟ್ಟೆವು. ಅಮ್ಮ ಮಡಿಯಲ್ಲಿದ್ದರು. ಗಾಬರಿಯಲ್ಲೂ ಕಾಲು ಹಳೆಯ ಪಾಠವನ್ನು ಮರೆತಿರಲಿಲ್ಲ.

ನಮ್ಮ ಹಿಂದೆ ನಲ್ಲಿಯ ಸದ್ದು ಕೇಳಿಸಿತು. ಮೇಧಾ ಕೈ ತೊಳೆದು, ಕೈಗಳನ್ನು ಮೇಲೆತ್ತಿಕೊಂಡು ನಮ್ಮ ನಡುವಿನಿಂದ ನುಸುಳಿ ಒಳಗೆ ಹೋಗಿ ಅಮ್ಮನ ಬೆನ್ನಿಗೆ ತೋಳು ಕೊಟ್ಟು ಕೂರಿಸಿದಳು. "ಅಜ್ಜಿ, ಶುಗರ್ ಮಾತ್ರೆ ತೊಗೊಂಡ್ರಾ ಬೆಳಿಗ್ಗೆ?"

ಅಮ್ಮ ಹೌದೆಂದು ತಲೆಯಾಡಿಸಿದರು. "ಮಾತ್ರೆ ಊಟ ಅಲ್ವಲ್ಲೇ," ಎಂದರು ಸಣ್ಣ ದನಿಯಲ್ಲಿ. ಏಕಾದಶಿಗೆ ಔಷಧಿಯ ಅಡ್ಡಿಯಿಲ್ಲ, ಅನ್ನದ ಅಡ್ಡಿಯಿದೆ. ಆದ್ದರಿಂದ ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಏನನ್ನೂ ತಿನ್ನದೆ ಕೂತಿದ್ದರು. ಇಂಥ ಶಾಸ್ತ್ರಸಮ್ಮತ ಅಪಾಯವನ್ನು ನಮ್ಮವರು ಮಾತ್ರ ತಂದುಕೊಳ್ಳಬಲ್ಲರು.

ಮೇಧಾ ಸಕ್ಕರೆ ನೀರು ಕಲಸಿ ಬಾಯಿಗೆ ಹಿಡಿದಳು. ಅಮ್ಮ ಬಾಯಿ ಬಿಗಿಹಿಡಿದರು. "ಇದೂ ದವಾಯಿ, ಅಜ್ಜಿ. ಊಟ ಅಲ್ಲ," ಎಂದಳು. ಅಮ್ಮ ಕುಡಿದರು. ಆಮೇಲೆ ಅವಳು ಶುಗರ್ ನೋಡುವ ಯಂತ್ರ ತೆಗೆದು ಅಮ್ಮನ ಬೆರಳಿಗೆ ಸೂಜಿ ಚುಚ್ಚಿದಳು. ನಾನು ಎಂದಿನಂತೆ ಗೋಡೆಯ ಕಡೆ ತಿರುಗಿದೆ, ತಿರುಗಿಕೊಂಡೇ ಶಿಂದೆ ಸಿಸ್ಟರಿಗೆ ಫೋನು ಮಾಡಿದೆ. ಅವರು ಬರುವ ಹೊತ್ತಿಗೆ ಅಮ್ಮನ ನಡುಕ ನಿಂತಿತ್ತು. ಎಲ್ಲ ಸರಿಯಾದ ಮೇಲೆ ನಾನು ಮೇಧಾಳನ್ನು ಕೇಳಿದೆ, ಅಂಥ ಹೊತ್ತಿನಲ್ಲೂ ಕೈ ಯಾಕೆ ತೊಳೆಯುತ್ತ ನಿಂತೆ ಎಂದು. "ಇಲ್ದೇ ಇದ್ರೆ ಅಜ್ಜಿ ನಂಗೆ ಹತ್ರ ಬರೋಕೆ ನಹೀ ದೇತೇ," ಎಂದಳು.

ಅಷ್ಟರಲ್ಲಿ ಶ್ರೀಧರನಿಗೆ ಮಗನ ಕರ್ತವ್ಯ ನೆನಪಾಗಿತ್ತು. ಅಮ್ಮನನ್ನು ಎತ್ತಿ ಮಂಚಕ್ಕೆ ಒಯ್ಯಲು ಹೊಸ್ತಿಲು ದಾಟಿದ.

"ನೀನು ಅಲ್ಲೇ ನಿಲ್ಲು," ಎಂದರು ಅಮ್ಮ. ದನಿ ಮೊದಲಿನಂತಾಗಿತ್ತು. "ಅವಳು ಕೈ ತೊಳ್ಕೊಂಡು ಬಂದಿದಾಳೆ."

ಮೇಧಾಳ ತೋಳು ಹಿಡಿದು ಅಮ್ಮ ಎದ್ದರು. ಶ್ರೀಧರ ಅಲ್ಲೇ ನಿಂತ. ಅವನ ಕಣ್ಣಿನಲ್ಲಿ ನೀರಿತ್ತು; ಅದು ಅಮ್ಮನಿಗಾಗಿಯೋ ಪವಾಯಿಗಾಗಿಯೋ ನಾನು ಕೇಳಲಿಲ್ಲ.

ಮೇಧಾ ಈಗ ಹನ್ನೊಂದನೆಯ ತರಗತಿಯಲ್ಲಿ ಬಯಾಲಜಿ ಓದುತ್ತಿದ್ದಾಳೆ. ಮುಂದೆ ಏನಾಗುತ್ತಾಳೋ, ಆ ವಯಸ್ಸಿನ ಮನಸ್ಸು ಇನ್ನು ಎಷ್ಟು ಸಲ ಬದಲಾಗುತ್ತದೋ, ಗೊತ್ತಿಲ್ಲ. ಮೊನ್ನೆ ಡಾಕ್ಟರು ನನಗೂ ಸಕ್ಕರೆ ನೋಡಿಸಿಕೊಳ್ಳಲು ಹೇಳಿದರು. ಮೇಧಾ ಯಂತ್ರ ಹಿಡಿದು ಬಂದು ನನ್ನ ಬೆರಳು ತೆಗೆದುಕೊಂಡಳು. ನಾನು ಗೋಡೆಯ ಕಡೆ ತಿರುಗಿ ಗಣಪತಿಗಳನ್ನು ನೆನೆಯತೊಡಗಿದೆ. ಇನ್ನೂ ಎರಡನೆಯ ಗಣಪತಿಗೆ ಬಂದಿರಲಿಲ್ಲ, "ಹೋ ಗಯಾ, ಮುಗೀತು ದೊಡ್ಡಪ್ಪ," ಎಂದಳು.