ಬಸ್ ಏಜೆಂಟನ ಕೊರಳ ಗಡ್ಡೆ

ಕೋವಿಡ್ ಕಳೆದ ಮಾರನೆಯ ವರ್ಷ. ನಾನಾಗ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ಸರ್ಜನ್. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟ್ ಮಾದೇಶ, ಹೆಂಡತಿ ರತ್ನಮ್ಮನ ಜೊತೆ ಬಂದರು. ಕುತ್ತಿಗೆಯ ಬಲಗಡೆ ನಿಂಬೆಹಣ್ಣಿನ ಗಾತ್ರದ ಗಂಟು.

“ಕೂಗಿ ಕೂಗಿ ನರ ಊದ್ಕಂಡದೆ ಅಂತಾರೆ ಎಲ್ರೂವೆ. ಬಾಯ್ ಮುಚ್ಕಂಡಿರು ಅಂದ್ರೆ ಈವಯ್ಯ ಕೇಳಾಕಿಲ್ಲ ಕಣಮ್ಮ,” ಎಂದರು ರತ್ನಮ್ಮ.

ಕೂಗಿದರೆ ನರ ಊದುವುದಾಗಿದ್ದರೆ ನಮ್ಮ ಮಂಡ್ಯದಲ್ಲಿ ಒಬ್ಬರ ಕುತ್ತಿಗೆಯೂ ನೆಟ್ಟಗಿರುತ್ತಿರಲಿಲ್ಲ! ಆದರೂ ಪಾಪ, ಜನರ ಮಾತು ಕೇಳಿ ಮಾದೇಶ ಒಂದಷ್ಟು ದಿನ ಮೌನ ಹಿಡಿದಿದ್ದರಂತೆ. ಗಂಟು ಇಳಿಯಲಿಲ್ಲ.

ಆ ಗಂಟು ಅಕ್ಕಪಕ್ಕಕ್ಕೆ ಜರುಗುತ್ತಿತ್ತು, ಮೇಲೆ ಕೆಳಗೆ ಜರುಗುತ್ತಿರಲಿಲ್ಲ. ಸ್ವಲ್ಪ ಒತ್ತಿದೆ ನೋಡಿ, ಒಂದೇ ಸಮ ಕೆಮ್ಮತೊಡಗಿದರು. ಒತ್ತಿದರೆ ಕೆಮ್ಮು ಬರುವ ಗಂಟು ಬಲು ಅಪರೂಪ. ಎಂಆರ್‌ಐ ನನ್ನ ಅನುಮಾನವನ್ನು ಗಟ್ಟಿ ಮಾಡಿತು: ಮಿದುಳಿನಿಂದ ಕುತ್ತಿಗೆಯ ಮೂಲಕ ಎದೆಗಿಳಿಯುವ ವೇಗಸ್ ನರದ ಶ್ವಾನೋಮಾ. ಅಂದರೆ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ; ಕ್ಯಾನ್ಸರ್ ಅಲ್ಲ. ಆದರೆ ಧ್ವನಿಪೆಟ್ಟಿಗೆಯನ್ನು ಆಡಿಸುವ ಎಳೆಗಳು ಸಾಗುವುದೂ ಇದೇ ನರದಲ್ಲಿ.

“ಜೀವಕ್ಕೆ ಭಯ ಇಲ್ಲ. ಹಾಗೇ ಬಿಟ್ಟು ನೋಡ್ತಾ ಇರಬಹುದು. ತೆಗೆದರೆ ದನಿ ಹೋದರೂ ಹೋಗಬಹುದು,” ಎಂದೆ.

“ಬುಟ್ರೆ ಕೆಮ್ಮು ಓಯ್ತದಾ?”

“ಇಲ್ಲ. ಜಾಸ್ತಿನೂ ಆಗಬಹುದು.”

“ಕತ್ತು ತಿರುಗ್ಸುದ್ರೆ ಕೆಮ್ಮು ಡಾಕ್ಟ್ರಮ್ಮ. ಕೊರೋನಾ ಬಂದೋದ್ಮೇಲೆ ಕೆಮ್ಮೋನ್ನ ಕಂಡ್ರೆ ಜನ ಬಸ್ಸೇ ಅತ್ತಾಕಿಲ್ಲ. ಓನರು ಬ್ಯಾಡ ಅಂತಾವ್ರೆ. ದನಿಗೆ ಗ್ಯಾರಂಟಿ ಕೊಟ್ಬುಡಿ, ಕುಯ್ಯಿ.”

ಕೊಡಲಾಗಲಿಲ್ಲ. ಕೈಲಾದ್ದೆಲ್ಲ ಮಾಡುತ್ತೇನೆ, ಗ್ಯಾರಂಟಿ ಮಾತ್ರ ಕೇಳಬೇಡಿ ಎಂದೆ. ರತ್ನಮ್ಮ ಗಂಡನ ಕಡೆ ತಿರುಗಿ, “ಸುಳ್ಳೇಳ್ನಿಲ್ವಲ್ಲ, ಇವ್ರತ್ರನೇ ಮಾಡ್ಸ್ಕ ಬುಡು,” ಎಂದರು.

ಗಡ್ಡೆಯ ಸಮೇತ ನರವನ್ನೇ ಕತ್ತರಿಸಿದರೆ ಕೆಲಸ ಸಲೀಸು. ನಾವು ಹಾಗೆ ಮಾಡಲಿಲ್ಲ. ಧ್ವನಿಪೆಟ್ಟಿಗೆಯ ಎಳೆಯನ್ನು ತಾಕಿದರೆ ಸದ್ದು ಮಾಡುವ ನರ್ವ್ ಮಾನಿಟರ್ ಜೋಡಿಸಿಕೊಂಡೆವು. ಸದ್ದು ಬಾರದ ಜಾಗ ಹುಡುಕಿ, ಅಲ್ಲಿ ಉದ್ದಕ್ಕೆ ಸೀಳಿ, ಅವರೆಕಾಳು ಹಿತುಕಿದ ಹಾಗೆ ಗಡ್ಡೆಯನ್ನು ಹೊದಿಕೆಯಿಂದ ಹೊರತೆಗೆದೆ. ಬಯಾಪ್ಸಿಯೂ ಶ್ವಾನೋಮಾ ಎಂದೇ ಹೇಳಿತು.

ಆದರೆ ಎಚ್ಚರವಾದ ಮಾದೇಶನವರ ಬಾಯಿಂದ ಬಂದದ್ದು ಬರೀ ಗಾಳಿ. ಕ್ಯಾಮೆರಾದಲ್ಲಿ ನೋಡಿದರೆ ಬಲಗಡೆಯ ಧ್ವನಿತಂತು ಅಲುಗುತ್ತಿಲ್ಲ. ನರ ತುಂಡಾಗಿಲ್ಲ, ಸುಧಾರಿಸಿಕೊಳ್ಳಲು ತಿಂಗಳುಗಳು ಬೇಕು ಎಂದು ಅವರಿಗೆ ಹೇಳಿದೆ. ನನಗೇ ಹೇಳಿಕೊಂಡೆ ಎಂದರೂ ಸರಿಯೇ. ಸ್ಪೀಚ್ ಥೆರಪಿಗೆ ಬಂದಾಗಲೆಲ್ಲ ರತ್ನಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. “ನನ್ನ ಬಯ್ಯಾಕಾದ್ರೂ ದನಿ ಬರ್ಲಿ ಕಣಮ್ಮ.”

ಗಡ್ಡೆ ತೆಗೆಯುವುದನ್ನು ಓದಿ ಕಲಿತಿದ್ದೆ. ಗ್ಯಾರಂಟಿ ಇಲ್ಲ ಎಂದು ನೇರವಾಗಿ ಹೇಳುವುದು, ಹೇಳಿದ ಮೇಲೆ ರೋಗಿಯ ಜೊತೆಗೇ ಕಾಯುವುದು, ಇವೆರಡನ್ನು ಕಲಿಸಿದ್ದು ಆ ತಿಂಗಳುಗಳು.

ಒಂದು ಬೆಳಿಗ್ಗೆ ಓಪಿಡಿ ಹೊರಗೆ ಜನವೋ ಜನ. ಇದ್ದಕ್ಕಿದ್ದಂತೆ ಗದ್ದಲ ಮೀರಿ ಒಂದು ದನಿ: “ಮಗಿನ್ನ ಎತ್ಕಂಡವ್ರೆ, ದಾರಿ ಬುಡ್ರಲಾ! ಮುಂದಕ್ಕೋಗಿ, ಮುಂದಕ್ಕೋಗಿ!”

ಮಾದೇಶ! ದನಿ ಕೊಂಚ ಒಡಕು, ಆದರೆ ಕಾರಿಡಾರಿನ ಆ ತುದಿಗೂ ಮುಟ್ಟುವಷ್ಟು ಜೋರು. ಕೆಮ್ಮಿಲ್ಲ. ಗಲಾಟೆ ನಿಲ್ಲಿಸಲು ನರ್ಸ್ ಎದ್ದಳು. ಅವಳ ಕೈ ಹಿಡಿದು ಕೂರಿಸಿದೆ.

“ಕೂಗ್ಲಿ ಬಿಡಮ್ಮ.”