ಯಾರ ಹತ್ತಿರ ದೂರು ಹೇಳುವುದು

ನನ್ನನ್ನು ನೋಡಲು ಬಂದ ದಿನ ನನ್ನ ಗಂಡ ಕೈಕಾಲು ತೊಳೆದು ಜಗಲಿಯ ಮೇಲೆ ಕೂತು, ಯಾರೂ ಏನೂ ಕೇಳುವ ಮೊದಲೇ, ತಮಗೆ ದೇವರಲ್ಲಿ ನಂಬಿಕೆ ಇಲ್ಲ ಎಂದು ಹೇಳಿದರು. ಮದುವೆಯಾದ ಮೇಲೆ ಗೊತ್ತಾದರೆ ಮೋಸ ಮಾಡಿದ ಹಾಗಾಗುತ್ತದೆ ಎಂಬುದು ಅವರ ಲೆಕ್ಕ. ಅಪ್ಪ ‘ಹಂಗಾ’ ಎಂದು ಉಪ್ಪಿಟ್ಟಿನ ತಟ್ಟೆಯನ್ನು ಅವರ ಮುಂದೆ ಸರಿಸಿದರು.

ಅಪ್ಪನಿಗೆ ಅವರ ಪರಿಚಯ ಹೊಸದೇನಲ್ಲ. ರಾಜಾಜಿನಗರದ ಬ್ಲಾಕುಗಳು ಆಗತಾನೆ ಏಳುತ್ತಿದ್ದವು. ನಮ್ಮ ರಾಗಿ ಹೊಲ ಬಡಾವಣೆಗೆ ಹೋಗಿ ಅದರ ಮೇಲೆ ರಸ್ತೆ ಬಂದಿತ್ತು. ಆ ರಸ್ತೆಯ ಪಕ್ಕದಲ್ಲೇ ಅಪ್ಪ ಸೌದೆ ಡಿಪೋ ಇಟ್ಟಿದ್ದರು. ಇವರು ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾ, ಒಂದು ಕೋಣೆ ಬಾಡಿಗೆಗೆ ಹಿಡಿದು, ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಹಸಿ ಸೌದೆ ಕೊಟ್ಟರೆ ಜಗಳಕ್ಕೆ ಬರುತ್ತಿರಲಿಲ್ಲ. ಮರುದಿನ ಬಂದು ಹೊಗೆ ಎಷ್ಟು ಬಂತು, ಅನ್ನ ಎಷ್ಟು ತಡವಾಯಿತು ಎಂದು ವಿವರವಾಗಿ ಹೇಳಿ ಹೋಗುತ್ತಿದ್ದರು. ಅಪ್ಪನಿಗೆ ಇದು ಜಗಳಕ್ಕಿಂತ ಹೆಚ್ಚಾಗಿ ನಾಟುತ್ತಿತ್ತು.

ಅವರ ನಾಸ್ತಿಕತನದ ಸುದ್ದಿಯೂ ನಮ್ಮ ಕಿವಿಗೆ ಮೊದಲೇ ಬಿದ್ದಿತ್ತು. ಆಯುಧಪೂಜೆಯ ದಿನ ಲೇತನ್ನು ಎಲ್ಲರಿಗಿಂತ ಚೆನ್ನಾಗಿ ಒರೆಸಿ ಎಣ್ಣೆ ಹಾಕಿ, ಅರಿಶಿನ ಕುಂಕುಮ ಇಡುವಾಗ ಪಕ್ಕಕ್ಕೆ ಸರಿದು ನಿಂತು, ಪುರಿ ಹಂಚುವಾಗ ಮತ್ತೆ ಮುಂದೆ ಬರುತ್ತಿದ್ದರಂತೆ.

ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದ್ದು ಅಪ್ಪನ ತಾಯಿ, ನನ್ನ ಅಜ್ಜಿ. ಬಾಗಿಲ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಜ್ಜಿ ಹೊರಗೆ ಬಂದು, ಕಂಬಕ್ಕೆ ಒರಗಿ ಕೂತಳು. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಅವಳಿಗಿದ್ದದ್ದು ಒಂದೇ ಚಿಂತೆ. ದೇವರಿಗೇ ಹೆದರದವನು ಹೆಂಡತಿಗೆ ಹೆದರುತ್ತಾನೆಯೇ? ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಊರದೇವತೆ ಅಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ ಪ್ರಮಾಣ ಮಾಡುತ್ತೀಯಾ ಎಂದು ಕೇಳಿದಳು.

ಅವರು ತಕ್ಷಣ ಒಪ್ಪಿದರು. ಅಜ್ಜಿಗೆ ಸಮಾಧಾನವಾಗುವುದಾದರೆ ಎಷ್ಟು ಸಲ ಬೇಕಾದರೂ ಆರಿಸುತ್ತೇನೆ ಎಂದರು. ಆಗ ಅಜ್ಜಿಯೇ ಬೇಡ ಎಂದಳು. ಕೈ ಸುಡುವುದಿಲ್ಲ ಎಂದುಕೊಂಡವನ ಕೈಯಲ್ಲಿ ಕರ್ಪೂರ ಆರಿಸಿದರೆ ಕರ್ಪೂರ ದಂಡ. ಹೀಗೆ ಒಪ್ಪಿಕೊಂಡು ಅವರು ಇಕ್ಕಟ್ಟು ತಂದಿಟ್ಟರು. ಒಲ್ಲೆ ಎಂದಿದ್ದರೆ ಅಜ್ಜಿಗೆ ಸುಲಭವಾಗುತ್ತಿತ್ತು.

ಆಮೇಲೆ ಅವರು, ಪ್ರಮಾಣ ಮಾಡಿದವರೆಲ್ಲ ಸರಿಯಾಗಿ ನಡೆದುಕೊಂಡಿದ್ದಾರೆಯೇ ಎಂದು ಮೆಲ್ಲಗೆ ಕೇಳಿದರು. ಅಪ್ಪ ಕೆಮ್ಮಿದರು. ನಮ್ಮ ತಾತ ಪ್ರತಿ ಯುಗಾದಿಗೂ ಹೆಂಡ ಬಿಡುತ್ತೇನೆ ಎಂದು ಅಮ್ಮನ ಮೇಲೆ ಆಣೆ ಇಟ್ಟು, ಪ್ರತಿ ವರ್ಷವೂ ಆ ಆಣೆ ಮುರಿದವನು ಎಂಬುದು ಊರಿಗೆಲ್ಲ ಗೊತ್ತಿತ್ತು. ಅಜ್ಜಿ ಅದನ್ನು ಮುಚ್ಚಿಡಲಿಲ್ಲ.

“ಮುರೀತಿದ್ದ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಮುರಿದ ಮ್ಯಾಲೆ ಅಮ್ಮನ ಭಯಕ್ಕೆ ಒಂದೆಲ್ಡು ದಿನ ತೆಪ್ಪಗೆ ಮನೇಲಿರ್ತಿದ್ದ. ಆ ದಿನ ನಂಗೆ ಕೊಟ್ಟಿದ್ದು ಅಮ್ಮ. ಇನ್ನುಳಿದ ದಿನ ಗುಡಿಗೋಗಿ ಅವಳ ತಾವ ದೂರು ಹೇಳ್ಕತಿದ್ದೆ. ನೀನು ಏನಾರ ಮಾಡಿದ್ರೆ ಈ ಹುಡ್ಗಿ ಯಾರ್ ತಾವ ಹೇಳ್ಕಬೇಕು?”

ಅವರಿಗೆ ಇಂಥ ಪ್ರಶ್ನೆ ಅದುವರೆಗೆ ಎದುರಾಗಿರಲಿಲ್ಲ ಎಂದು ಕಾಣುತ್ತದೆ. ಜಗತ್ತನ್ನು ಯಾರು ಸೃಷ್ಟಿಸಿದರು ಎಂದು ಕೇಳುವವರಿಗೆ ಅವರ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಕೊನೆಗೆ “ನನ್ನ ಹತ್ರಾನೇ ಹೇಳ್ಲಿ ಅಜ್ಜಿ” ಎಂದರು.

“ಕಳ್ಳನ ಮ್ಯಾಲಿನ ದೂರು ಕಳ್ಳನ ತಾವ್ಲೇನಾ?”

“ಹೌದು. ಕೇಳ್ತೀನಿ” ಎಂದರು ಅವರು.

ಅವರು ಹೋದ ಮೇಲೆ ಅಪ್ಪ ನನ್ನನ್ನೂ ಕೇಳಿದರು. ಆ ಕಾಲಕ್ಕೆ ಅದು ಹೆಚ್ಚೇ. ನಾನು ಒಪ್ಪಿದೆ. ಅವರ ವಿಚಾರ ಮೆಚ್ಚಿ ಒಪ್ಪಿದೆ ಎಂದು ಹೇಳಿದರೆ ಸುಳ್ಳಾದೀತು. ಶುಕ್ರವಾರ ಬಂದರೆ ತಲೆಗೆ ನೀರು ಹಾಕಿಕೊಂಡು ಗುಡಿಗೆ ಹೋಗುವ ಹುಡುಗಿ ನಾನು. ಅವರು ತಿಂದ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಬಚ್ಚಲ ಹತ್ತಿರ ಇಟ್ಟಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅಷ್ಟೇ ಕಾರಣ.

ಮದುವೆ ನಮ್ಮ ಅಂಗಳದಲ್ಲೇ ಆಯಿತು. ಪುರೋಹಿತರು ಹೇಳಿದಂತೆಲ್ಲ ಅವರು ಮಾಡಿದರು. ಆದರೆ ಪ್ರತಿ ಮಂತ್ರಕ್ಕೂ ಅರ್ಥ ಕೇಳಿದರು. ಪುರೋಹಿತರು ಮೊದಮೊದಲು ಸಂತೋಷದಿಂದ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಮುಹೂರ್ತ ಮೀರುತ್ತದೆ ಎಂದರು.

ನಮ್ಮ ಬಾಡಿಗೆ ಮನೆ ಅಪ್ಪನ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಸುತ್ತ ಅರ್ಧ ಕಟ್ಟಿದ ಗೋಡೆಗಳು, ಕಲ್ಲು ನೆಟ್ಟ ಖಾಲಿ ಸೈಟುಗಳು, ಗಾಳಿ ಬಂದರೆ ಕೆಂಪು ಧೂಳು. ನಾನು ತವರಿನಿಂದ ತಂದ ಲಕ್ಷ್ಮಿಯ ಪಟಕ್ಕೆ ಅವರೇ ಅಡುಗೆ ಮನೆಯಲ್ಲಿ ಹಲಗೆ ಹೊಡೆದರು. ಗಾರೆ ಕೆಲಸದವರಿಂದ ರಸಮಟ್ಟ ಕೇಳಿ ತಂದು, ಹಲಗೆ ಒಂದು ಕೂದಲೆಳೆಯಷ್ಟೂ ವಾಲದ ಹಾಗೆ ನೋಡಿದರು. ಇಲ್ಲದ ದೇವರಿಗೆ ಇಷ್ಟು ಯಾಕೆ ಎಂದು ಕೇಳಿದ್ದಕ್ಕೆ, ಪಟ ಇದೆಯಲ್ಲ ಎಂದರು.

ಸಂಜೆ ನಾನು ದೀಪ ಹಚ್ಚುವಾಗ ಕೆಲವು ದಿನ ವಾದವಾಗುತ್ತಿತ್ತು. ಮೇಲಿನವನು ನೋಡುತ್ತಾನೆ ಎಂದು ಒಳ್ಳೆಯದು ಮಾಡಿದರೆ ಅದು ಒಳ್ಳೆಯತನ ಹೇಗಾಗುತ್ತದೆ, ಮೇಸ್ತ್ರಿ ಇದ್ದಾಗ ಮಾತ್ರ ಕೆಲಸ ಮಾಡುವ ಆಳಿಗೂ ಅಂಥವರಿಗೂ ಏನು ವ್ಯತ್ಯಾಸ ಎಂದು ಅವರು ಕೇಳುತ್ತಿದ್ದರು. ಮೇಸ್ತ್ರಿಯೇ ಇಲ್ಲದ ಕಟ್ಟಡ ಎಷ್ಟು ನಿಂತಿದೆ ತೋರಿಸಿ ಎಂದು ನಾನು ಹೇಳುತ್ತಿದ್ದೆ. ಅವರು ಗೆಲ್ಲುತ್ತಿರಲಿಲ್ಲ, ನಾನೂ ಗೆಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಸಾರು ಕುದಿಯುತ್ತಿತ್ತು.

ಅಜ್ಜಿ ಆಗಾಗ ನುಗ್ಗೆಕಾಯಿ ಹಿಡಿದುಕೊಂಡು ಬಂದು, ದೂರೇನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದಳು. ಇಲ್ಲ ಎಂದರೆ ಒಂಚೂರು ನಿರಾಶೆಯಿಂದಲೇ ಹೋಗುತ್ತಿದ್ದಳು.

ಮದುವೆಯಾಗಿ ವರ್ಷ ಕಳೆದಿತ್ತು. ಒಂದು ದಿನ ಅಜ್ಜಿ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. ಸೆರಗಿನ ಗಂಟಿನಲ್ಲಿ ಅಮ್ಮನ ಕುಂಕುಮ ತಂದಿದ್ದಳು. ಅದನ್ನು ನಿನ್ನ ಗಂಡನಿಗೆ ಕೊಡು, ಏನೂ ಕೇಳಬೇಡ, ಗಂಡಸರಿಗೆ ನಾಚಿಕೆ ಇರುತ್ತದೆ ಎಂದಳು. ನಾನು ಬಿಡದೆ ಕೇಳಿದಾಗ ಹೇಳಿದಳು. ಹಸು ಕರು ಹಾಕಿತ್ತು. ಗಿಣ್ಣನ್ನು ಅಮ್ಮನಿಗೆ ಎಡೆ ಇಡದೆ ಯಾರೂ ತಿನ್ನುವ ಹಾಗಿಲ್ಲ. ಹಾಗಾಗಿ ತನ್ನ ಮಂಗಳವಾರ ಶುಕ್ರವಾರ ಎರಡೂ ಬಿಟ್ಟು, ಬುಧವಾರ ಗುಡಿಗೆ ಹೋಗಿದ್ದಳು. ಅಲ್ಲಿ ನನ್ನ ಗಂಡ ಅರಳಿಮರದ ನೆರಳಿನ ಗುಡಿ ಜಗಲಿಯಲ್ಲಿ, ಅಮ್ಮನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿದ್ದರು. ಧ್ಯಾನ ಕೆಡಿಸಬಾರದೆಂದು ಅಜ್ಜಿ ಗಿಣ್ಣಿನ ಪಾತ್ರೆ ಹಿಡಿದು ಹೆಜ್ಜೆ ಸಪ್ಪಳವಾಗದ ಹಾಗೆ ವಾಪಸು ಬಂದಿದ್ದಳು. ಮರುದಿನ ಹೋಗಿ ಇಣುಕಿದಳು. ಆಗಲೂ ಇದ್ದರು.

“ದಾರಿಗೆ ಬಂದ ಕಣವ್ವ. ನಾ ಹೇಳ್ಲಿಲ್ವಾ, ಅವಳು ಬಿಡ್ತಾಳಾ ಅಂತ” ಎಂದು ಕಣ್ಣೊರೆಸಿಕೊಂಡಳು.

ಎಷ್ಟು ಹೊತ್ತಿನಲ್ಲಿ ನೋಡಿದೆ ಎಂದು ಕೇಳಿದೆ. ಊಟದ ಹೊತ್ತು ಕಳೆದ ಮೇಲೆ ಎಂದಳು. ಅಜ್ಜಿಗೆ ಅದು ಪವಾಡ. ನನಗೆ ಅದು ಬುಧವಾರ ಮಧ್ಯಾಹ್ನ. ಆ ಹೊತ್ತಿಗೆ ಅವರು ಲೇತಿನ ಮುಂದೆ ಇರಬೇಕು.

ಅಜ್ಜಿ ಹೋದ ಮೇಲೆ ಒಂದೊಂದೇ ಹೊಳೆಯತೊಡಗಿತು. ಅವರ ಷರ್ಟುಗಳನ್ನು ನಾನು ಎಣ್ಣೆ ಕಲೆ ಹೋಗಲೆಂದು ಸೋಡಾದಲ್ಲಿ ನೆನೆಸಿ ಎಷ್ಟೋ ದಿನವಾಗಿತ್ತು. ಉಗುರಿನ ಸಂದಿಯಲ್ಲಿ ಕಪ್ಪಿರಲಿಲ್ಲ. ಹೊಸ ಮಾದರಿಯ ಎಣ್ಣೆ ಬಂದಿರಬೇಕು ಎಂದುಕೊಂಡಿದ್ದೆ. ಕುಂಕುಮವನ್ನು ಹಲಗೆಯ ಮೇಲಿಟ್ಟು, ಅಕ್ಕಿ ಆರಿಸುತ್ತಾ ಕೂತೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ.

ಸಂಜೆ ಅವರು ಎಂದಿನ ಹೊತ್ತಿಗೇ ಬಂದು ಊಟದ ಡಬ್ಬಿ ಇಟ್ಟರು. ಒಂದು ದೂರು ಹೇಳಬೇಕು ಎಂದೆ. ಯಾರ ಮೇಲೆ ಎಂದರು. ನಿಮ್ಮ ಮೇಲೆ ಎಂದೆ. ಅವರು ನನ್ನ ಮುಖ ನೋಡಿ, ಕೈ ತೊಳೆಯಲು ಹೊರಟವರು ಹಾಗೇ ಗೋಡೆಗೆ ಒರಗಿ ಕೂತರು. ಅಜ್ಜಿ ಗುಡಿಯಲ್ಲಿ ಕಂಡದ್ದನ್ನು ನಾನು ಹೇಳಿದ ಮೇಲೆ ಅವರು ಎಲ್ಲವನ್ನೂ ಬಿಡಿಸಿ ಹೇಳಿದರು.

ವರ್ಕ್‌ಶಾಪಿನ ಯಜಮಾನರಿಗೆ ಕಾಯಿಲೆಯಾಗಿ, ಅವರ ಮಕ್ಕಳು ಬಾಗಿಲು ಹಾಕಿಸಿದ್ದರು. ಅಂದು ಸಂಜೆಯೊಳಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಸಿಕ್ಕ ಮೇಲೆ ಎರಡನ್ನೂ ಒಟ್ಟಿಗೆ ಹೇಳಿದರಾಯಿತು ಎಂದು ಇವರು ನನಗೆ ತಿಳಿಸಿರಲಿಲ್ಲ. ಸಿಗಲಿಲ್ಲ. ಮರುದಿನ ಕೆಲಸ ಹೋದದ್ದರ ಜೊತೆಗೆ ನಿನ್ನೆ ಹೇಳದಿದ್ದದ್ದನ್ನೂ ಹೇಳಬೇಕಾಗಿತ್ತು. ದಿನ ಕಳೆದ ಹಾಗೆ ಹೇಳಬೇಕಾದ್ದು ಬೆಳೆಯಿತು. ಬೆಳಿಗ್ಗೆ ಶೆಡ್ಡುಗಳನ್ನೆಲ್ಲ ಸುತ್ತಿ ಕೇಳುವುದು, ಬಿಸಿಲೇರಿದ ಮೇಲೆ ಗುಡಿಯ ಜಗಲಿಯಲ್ಲಿ ಕೂರುವುದು. ಅಜ್ಜಿ ಬರುವ ಮಂಗಳವಾರ ಶುಕ್ರವಾರ ಮಾತ್ರ ರೈಲು ಹಳಿಯ ಕಡೆ ಹೋಗುತ್ತಿದ್ದರು. ಯಜಮಾನರು ಲೆಕ್ಕ ತೀರಿಸಿ ಕೊಟ್ಟ ಹಣವನ್ನು ಇವರು ನನಗೆ ಸಂಬಳವೆಂದು ಕೊಟ್ಟಿದ್ದರು.

ಸುಳ್ಳು ಹೇಳುವಾಗ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

“ಹೆದರಿಕೆ ಇತ್ತು ಕಣೇ. ನಿನ್ನ ಹೆದರಿಕೆ, ಅಜ್ಜಿ ಹೆದರಿಕೆ. ಅದಕ್ಕೇ ಸುಳ್ಳು ಹೇಳ್ದೆ. ಹೆದರಿಕೆಯಿಂದ ಜನ ಒಳ್ಳೆಯವರಾಗ್ತಾರೆ ಅಂತೀರಲ್ಲ ನೀವು...”

“ವಾದ ಮಾಡ್ಬೇಡಿ. ನಾನು ದೂರು ಹೇಳ್ತಾ ಇದೀನಿ” ಎಂದೆ.

ನಾನು ಹೇಳಿದೆ. ಬೆಳಗ್ಗೆದ್ದು ಇಲ್ಲದ ಕೆಲಸಕ್ಕೆ ನನ್ನ ಕೈಯಲ್ಲಿ ಡಬ್ಬಿ ಕಟ್ಟಿಸಿದ್ದನ್ನು ಹೇಳಿದೆ. ಇವತ್ತು ಕೆಲಸ ಹೇಗಿತ್ತು ಎಂದು ನಾನು ಕೇಳಿದಾಗಲೆಲ್ಲ ಚೆನ್ನಾಗಿತ್ತು ಎಂದದ್ದನ್ನು ಹೇಳಿದೆ. ಗುಡಿಯಲ್ಲಿ ಅಮ್ಮನ ಮುಂದೆ ಎಷ್ಟೋ ಸಲ ಏನೇನೋ ಹೇಳಿಕೊಂಡಿದ್ದೇನೆ, ಆದರೆ ಹೇಳುತ್ತಿದ್ದ ಹಾಗೆ ಕೇಳುವವರ ಮುಖ ಸಣ್ಣದಾಗುವುದನ್ನು ಅಲ್ಲಿ ನೋಡಿರಲಿಲ್ಲ. ಅದು ಕಷ್ಟವಾಗಿತ್ತು. ಅರ್ಧಕ್ಕೇ ನಿಲ್ಲಿಸೋಣ ಅನ್ನಿಸಿತು, ನಿಲ್ಲಿಸಲಿಲ್ಲ.

ಎಲ್ಲ ಮುಗಿದ ಮೇಲೆ ತಪ್ಪಾಯಿತು ಎಂದರು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ದೇವರಿಗಾದರೆ ತಪ್ಪುಕಾಣಿಕೆ ಕಟ್ಟುತ್ತಾರೆ ಎಂದೆ. ಏನು ಕಟ್ಟಬೇಕು ಹೇಳು ಎಂದರು. ಅಜ್ಜಿಗೆ ನೀವೇ ಹೋಗಿ ಹೇಳಬೇಕು ಎಂದೆ. ಅವರಿಗೆ ಅದಕ್ಕಿಂತ ಉರುಳುಸೇವೆಯೇ ಸುಲಭವಾಗಿ ಕಂಡಿರಬೇಕು. ಆದರೂ ಎದ್ದರು.

ಅಜ್ಜಿ ಕೊಟ್ಟಿಗೆಯಲ್ಲಿ ಕರುವಿನ ಮೈ ಉಜ್ಜುತ್ತಿದ್ದಳು. ಅವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಅಜ್ಜಿ ಉಜ್ಜುವುದನ್ನು ನಿಲ್ಲಿಸದೆ ಕೇಳಿದಳು. ಕೆಲಸ ಹೋದದ್ದಕ್ಕೆ ಅಯ್ಯೋ ಎನ್ನಲಿಲ್ಲ, ಸುಳ್ಳಿಗೆ ಬೈಯಲಿಲ್ಲ.

“ಕಣ್ಣು ಮುಚ್ಕಂಡಿದ್ಯಲ್ಲಪ್ಪ?” ಎಂದಳು.

“ನಿದ್ದೆ ಬಂದಿತ್ತು ಅಜ್ಜಿ.”

ಅಜ್ಜಿಯ ಕೈ ಆಗ ನಿಂತಿತು. ಅವಳ ಮುಖ ಬಾಡಿದ್ದನ್ನು ನೋಡಿ, ಇದೊಂದನ್ನಾದರೂ ಅವರು ಹೇಳದೆ ಇರಬಾರದಿತ್ತೇ ಎಂದು ನನಗೆ ಅನ್ನಿಸಿದ್ದು ನಿಜ. ಆಮೇಲೆ ಅಜ್ಜಿ, ಕೂರಲು ಇಷ್ಟು ದೊಡ್ಡ ಊರಿದ್ದಾಗ ಅಲ್ಲೇ ಯಾಕೆ ಹೋಗಿ ಕೂತೆ ಎಂದು ಕೇಳಿದಳು. ನೆರಳಿತ್ತು ಎಂದರು. ಆ ಮರ ಅಲ್ಲಿ ಹೇಗೆ ಬಂತು ಎಂದಳು, ಅಮ್ಮನ ಹೆಸರು ಬರಲಿ ಎಂದು. ನಿಮ್ಮ ಮಾವ ನೆಟ್ಟಿದ್ದಂತೆ, ಪೂಜಾರಿ ಹೇಳಿದರು ಎಂದರು ಇವರು. ಅದು ನಿಜವೇ ಆಗಿತ್ತು. ಅಜ್ಜಿ ಕರುವನ್ನು ಕಟ್ಟಿದಳು. ಉಂಡು ಹೋಗಿ ಎಂದಳು.

ಮರುದಿನದಿಂದ ಅವರು ಅಪ್ಪನ ಡಿಪೋದಲ್ಲಿ ಸೌದೆ ಒಡೆದರು. ಹಸಿ ಸೌದೆ ಕೊಂಡವರಿಗೆ ಅದು ಹಸಿ ಎಂದು ಮೊದಲೇ ಹೇಳಿಬಿಡುತ್ತಿದ್ದರು. ಅಪ್ಪ ಬೇಗನೆ ತಾವೇ ನಾಲ್ಕು ಕಡೆ ಓಡಾಡಿ, ಕೈಗಾರಿಕಾ ಬಡಾವಣೆಯ ಒಂದು ಹೊಸ ಶೆಡ್ಡಿನಲ್ಲಿ ಅವರಿಗೆ ಲೇತ್ ಕೆಲಸ ಹುಡುಕಿಕೊಟ್ಟರು. ತಾನು ಹರಕೆ ಹೊತ್ತದ್ದರಿಂದ ಸಿಕ್ಕಿತು ಎಂದಳು ಅಜ್ಜಿ. ಮಾವನವರು ಓಡಾಡಿದ್ದರಿಂದ ಎಂದರು ಇವರು. ಅಪ್ಪನನ್ನು ಯಾರೂ ಕೇಳಲಿಲ್ಲ. ಹರಕೆಯ ಪೊಂಗಲನ್ನು ಮಾತ್ರ ಇವರು ಎರಡು ಸಲ ಹಾಕಿಸಿಕೊಂಡು ತಿಂದರು.

ಅವರು ಕೆಲಸಕ್ಕೆ ಸೇರಿದ ಮೇಲೆ ಒಂದು ಮಧ್ಯಾಹ್ನ ನಾನೊಬ್ಬಳೇ ಗುಡಿಗೆ ಹೋದೆ. ಬಾಗಿಲು ಹಾಕಿತ್ತು. ಅವರು ಕೂರುತ್ತಿದ್ದ ಜಾಗದಲ್ಲಿ ಕಂಬಕ್ಕೆ ಒರಗಿ ಕೂತೆ. ಚಪ್ಪಡಿ ಕಲ್ಲು ತುಂಬ ಒರಟಾಗಿತ್ತು. ಸ್ವಲ್ಪ ಹೊತ್ತಿಗೇ ಸೊಂಟ ನೋಯತೊಡಗಿತು. ಇಲ್ಲಿ ನಿದ್ದೆ ಹೋಗಬೇಕಾದರೆ ಮನುಷ್ಯ ಬೆಳಿಗ್ಗೆಯಿಂದ ಎಷ್ಟು ಅಲೆದಿರಬೇಕು ಎಂದು ಆಗ ಅನ್ನಿಸಿತು. ಅಷ್ಟು ದಿನ ಉಳಿದಿದ್ದ ಸಿಟ್ಟು ಅಲ್ಲಿಂದೆದ್ದಾಗ ಇರಲಿಲ್ಲ. ಅಮ್ಮನಿಗೆ ಹೊರಗಿನಿಂದಲೇ ಕೈ ಮುಗಿದೆ.

ಪೂಜಾರಿ ಪಕ್ಕದ ಮನೆಯಿಂದ ಹೊರಗೆ ಬಂದು, ನಿಮ್ಮ ಯಜಮಾನರು ಈಚೆಗೆ ಕಾಣುತ್ತಿಲ್ಲವಲ್ಲ ಎಂದು ವಿಚಾರಿಸಿದರು. ಇವರು ದಿನವೂ ಕೂರುವ ಮೊದಲು ಜಗಲಿಯ ತುಂಬ ಬಿದ್ದ ಅರಳಿ ಎಲೆಗಳನ್ನು ಗುಡಿಸಿ ರಾಶಿ ಹಾಕುತ್ತಿದ್ದರಂತೆ. ಇಷ್ಟು ಭಕ್ತಿಯ ಹುಡುಗನನ್ನು ಈ ಕಡೆ ನೋಡಿಲ್ಲ ಎಂದರು. ಅವರಿಗೆ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ, ಇನ್ನು ಬರುವುದಿಲ್ಲ ಎಂದೆ.

ಒಳ್ಳೆಯದಾಯಿತು ಎಂದರು ಪೂಜಾರಿ. ಆದರೆ ಎಲೆ ತುಂಬಿದ ಜಗಲಿಯನ್ನು ನೋಡುತ್ತಿದ್ದ ಅವರ ಮುಖದಲ್ಲಿ ಅಷ್ಟೇನೂ ಒಳ್ಳೆಯದಾದಂತೆ ಕಾಣಲಿಲ್ಲ. ಒಳಗೆ ಹೋಗಿ ಪೊರಕೆ ತಂದರು.